ಸೌಲನ ಕವಚವೂ ಕಾಲೇಜಿನ ಅರ್ಜಿಯೂ



ಹತ್ತನೆಯ ತರಗತಿಯ ಮತ್ತು ಇಂಟರ್ ಪರೀಕ್ಷೆಯ ಫಲಿತಾಂಶಗಳು ಬಂದಿವೆ. ಜಹೀರಾಬಾದ್, ನಾರಾಯಣಖೇಡ್, ತಾಂಡೂರು ಈ ಮೂರು ಕಡೆಯ ನಮ್ಮ ಕೂಲಿ ಮನೆಗಳಲ್ಲಿ ಈಗ ಒಂದೇ ಮಾತು. ಕಬ್ಬು ಕಡಿದು ಬಂದವರು, ಶುಂಠಿ ಆಲೂಗಡ್ಡೆ ತೋಟಗಳಲ್ಲಿ ದಿನಗೂಲಿ ಮಾಡುವವರು, ತಾಂಡೂರಿನ ಹಾಸುಗಲ್ಲಿನ ಗಣಿಯಲ್ಲಿ ಧೂಳು ಕುಡಿಯುವವರು, ಎಲ್ಲರೂ ನಮ್ಮನ್ನು ಕೇಳುವುದು, “ಒಳ್ಳೆಯ ಕಾಲೇಜು ಯಾವುದು?” ಎಂದು. “ನಮ್ಮ ಮಗು ಇಂಥದು, ಇದಕ್ಕೆ ಯಾವುದು ಹೊಂದೀತು?” ಎಂದು ಕೇಳಿದವರು ಈ ವರ್ಷ ಇಬ್ಬರೋ ಮೂವರೋ.

ಸಮುವೇಲನ ಮೊದಲನೆಯ ಪುಸ್ತಕದ 17ನೆಯ ಅಧ್ಯಾಯವನ್ನು ನಾವು ಭಾನುವಾರದ ಶಾಲೆಯಲ್ಲಿ ಎಷ್ಟೋ ಸಲ ಓದಿಸಿದ್ದೇವೆ. ಮಕ್ಕಳಿಗೆ ಕವಣೆ ಕಲ್ಲೂ ಗೊಲ್ಯಾತನೂ ನೆನಪಿರುತ್ತಾರೆ. ಅದಕ್ಕೂ ಮೊದಲು ನಡೆದದ್ದನ್ನು ನಾವು ದೊಡ್ಡವರೇ ಮರೆಯುತ್ತೇವೆ. ಸೌಲನು ತನ್ನ ತಾಮ್ರದ ಶಿರಸ್ತ್ರಾಣವನ್ನೂ ಕವಚವನ್ನೂ ದಾವೀದನಿಗೆ ತೊಡಿಸಿದನು. ಅರಸನ ಕವಚ, ಊರಿಗೇ ಒಳ್ಳೆಯದು. ಕೊಟ್ಟವನ ಮನಸ್ಸಿನಲ್ಲಿ ಕೇಡಿರಲಿಲ್ಲ. ಹುಡುಗನು ಅದನ್ನು ತೊಟ್ಟು ನಡೆಯಲು ನೋಡಿದನು, ಆಗಲಿಲ್ಲ. ನನಗೆ ಇದರ ಅಭ್ಯಾಸವಿಲ್ಲ ಎಂದು ಹೇಳಿ ಬಿಚ್ಚಿಟ್ಟನು. ಅರಸನ ಎದುರಿಗೆ ಹಾಗೆನ್ನುವ ಧೈರ್ಯ ಕಲ್ಲು ಬೀಸುವ ಧೈರ್ಯಕ್ಕಿಂತ ಚಿಕ್ಕದೇನೂ ಅಲ್ಲ.

ನಮ್ಮ ಒಂದು ಮನೆಯ ಹುಡುಗನಿಗೆ ಆ ಮಾತನ್ನು ಆಡುವ ಅವಕಾಶವೇ ಸಿಗಲಿಲ್ಲ. ಊರಿನಲ್ಲಿ ಯಾರ ಪಂಪು ಕೆಟ್ಟರೂ ಅವನನ್ನೇ ಕರೆಯುತ್ತಿದ್ದರು. ಬಿಚ್ಚಿ ಜೋಡಿಸಿ ನೀರು ಬರುವ ತನಕ ಏಳುತ್ತಿರಲಿಲ್ಲ. ಆದರೆ ಪುಸ್ತಕದ ಮುಂದೆ ಅರ್ಧ ಗಂಟೆ ಕೂತರೆ ಬೆವರುತ್ತಿದ್ದ. ಪಕ್ಕದ ಮನೆಯವರ ಮಗ ಹೈದರಾಬಾದಿನ ಹಾಸ್ಟೆಲಿನಲ್ಲಿ ಎಂ.ಪಿ.ಸಿ. ಓದುತ್ತಾನೆಂದು ಇವನ ತಂದೆಯೂ ಕಬ್ಬಿನ ಮುಕದ್ದಮನಿಂದ ಮುಂಗಡ ತೆಗೆದು ಅಂಥದೇ ಒಂದು ಕಾಲೇಜಿಗೆ ಸೇರಿಸಿದರು. ಬೆಳಿಗ್ಗೆ ಐದರಿಂದ ರಾತ್ರಿ ಹತ್ತರವರೆಗೆ ಓದು, ವಾರ ವಾರ ಪರೀಕ್ಷೆ, ಗೋಡೆಯ ಮೇಲೆ ಅಂಕಗಳ ಪಟ್ಟಿ. ದಸರೆಗೆ ಬಂದವನು ಮರಳಿ ಹೋಗಲಿಲ್ಲ. ಕಟ್ಟಿದ ಹಣ ಬರಲಿಲ್ಲ. ಮುಂಗಡ ತೀರಿಸಲು ಗಂಡ ಹೆಂಡತಿ ಎರಡು ಸುಗ್ಗಿ ಕಬ್ಬು ಕಡಿದರು. ಹುಡುಗನು ತಾನು ದಡ್ಡನೆಂದು ನಂಬಿದ್ದಾನಲ್ಲ, ಆ ಸಾಲವನ್ನು ಯಾವ ಸುಗ್ಗಿ ತೀರಿಸೀತು? ಸೇರಿಸುವಾಗ ಸಾಕ್ಷಿ ಸಹಿ ಹಾಕಿದವರಲ್ಲಿ ನಾವೂ ಇದ್ದೆವು. ನಾವೂ ಅವನನ್ನು ಕೇಳಿರಲಿಲ್ಲ.

ಅವನಂಥವರಿಗೆ ದಾರಿಯೇ ಇಲ್ಲವೆಂದಲ್ಲ. ಹತ್ತನೆಯದು ಮುಗಿದ ಮೇಲೆ ಪಾಲಿಸೆಟ್ ಬರೆದು ಪಾಲಿಟೆಕ್ನಿಕ್ ಸೇರಬಹುದು, ಐ.ಟಿ.ಐ. ಇದೆ. 2013ರಲ್ಲಿ ಜಹೀರಾಬಾದಿನಲ್ಲಿ ಮಹೀಂದ್ರ ಟ್ರಾಕ್ಟರ್ ಕಾರ್ಖಾನೆ ತೆರೆಯಿತು. 2024ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರವು ದೇಶದಲ್ಲಿ ಒಪ್ಪಿಗೆ ಕೊಟ್ಟ 12 ಕೈಗಾರಿಕಾ ನಗರಗಳಲ್ಲಿ ಜಹೀರಾಬಾದೂ ಒಂದು. ನ್ಯಾಲ್ಕಲ್, ಝರಾಸಂಗಂ ಕಡೆಯ ಹೊಲಗಳು ಅದಕ್ಕೆ ಹೋಗಿವೆ. ಹೊಲ ಹೋದ ಮೇಲೆ ಕೂಲಿಯೂ ಹೋಗುತ್ತದೆ. ಅಲ್ಲಿ ನಮ್ಮ ಮಕ್ಕಳು ಗೇಟಿನ ಕಾವಲಿಗೆ ಮಾತ್ರ ನಿಲ್ಲಬೇಕೋ, ಯಂತ್ರದ ಮುಂದೆ ನಿಲ್ಲಬೇಕೋ ಎಂಬುದು ಈ ಎರಡು ಮೂರು ವರ್ಷಗಳಲ್ಲಿ ತೀರ್ಮಾನವಾಗುವ ವಿಷಯ.

ಇನ್ನು ಡಿಗ್ರಿಯ ಸಂಗತಿ. 2016ರಿಂದ ತೆಲಂಗಾಣದಲ್ಲಿ ಡಿಗ್ರಿ ಸೀಟುಗಳು ದೋಸ್ತ್ ಎಂಬ ಆನ್‌ಲೈನ್ ಪದ್ಧತಿಯಿಂದ ಸಿಗುತ್ತವೆ. ಯಾವ ಕಾಲೇಜು, ಯಾವ ಕೋರ್ಸು ಎಂದು ನಾವು ಕ್ರಮವಾಗಿ ತುಂಬಬೇಕು. ಅಂಕ ಮತ್ತು ಮೀಸಲಾತಿ ನೋಡಿ, ತುಂಬಿದ ಕ್ರಮದಲ್ಲೇ ಸೀಟು ಕೊಡುತ್ತಾರೆ. ನಮ್ಮಲ್ಲಿ ನಡೆಯುವುದೇನು? ತಂದೆ ಕೂಲಿಗೆ ಹೋಗಿರುತ್ತಾನೆ, ಮಗಳು ಒಬ್ಬಳೇ ಇಂಟರ್ನೆಟ್ ಅಂಗಡಿಗೆ ಹೋಗುತ್ತಾಳೆ, ಹಿಂದೆ ಸಾಲು ನಿಂತಿರುತ್ತದೆ, ಅಂಗಡಿಯವನು ತನಗೆ ತೋಚಿದ್ದನ್ನು ಒತ್ತುತ್ತಾನೆ. ಇತಿಹಾಸ ಓದಬೇಕೆಂದಿದ್ದವಳು ಕಂಪ್ಯೂಟರ್ ಕೋರ್ಸಿನಲ್ಲಿ ಬಿದ್ದಿರುತ್ತಾಳೆ. ಮೂರು ವರ್ಷದ ಬಾಳನ್ನು ಮೂರು ನಿಮಿಷದಲ್ಲಿ, ಅವಳ ಹೆಸರನ್ನೂ ಸರಿಯಾಗಿ ಬರೆಯಲಾರದವನು ಆರಿಸಿದಂತಾಯಿತು. ಅಂಗಡಿಗೆ ಹೋಗುವ ಮುಂಚೆ ಮನೆಯಲ್ಲಿ ಕೂತು ಒಂದು ಹಾಳೆಯ ಮೇಲೆ ಆ ಕ್ರಮವನ್ನು ಬರೆಯಲು ಏನು ಖರ್ಚು?

ಬರೆಯುವಾಗ ಮಗುವನ್ನು ಕೇಳಬೇಕಾದ್ದು ದೊಡ್ಡ ಪ್ರಶ್ನೆಗಳೇನೂ ಅಲ್ಲ. ಯಾವ ಪಾಠ ಹೇಳುವಾಗ ಹೊತ್ತು ಹೋದದ್ದು ತಿಳಿಯಲಿಲ್ಲ? ತಿಳಿಯದಿದ್ದರೆ ಕೈಯೆತ್ತಿ ಕೇಳುತ್ತೀಯೋ, ಸುಮ್ಮನಿರುತ್ತೀಯೋ? ಮನೆ ಬಿಟ್ಟು ಇರಬಲ್ಲೆಯಾ? ದಿನಾ ಬಸ್ಸಿನಲ್ಲಿ ಎರಡು ಗಂಟೆ ಕೂತು ಬಂದು ಓದಬಲ್ಲೆಯಾ? ನಮ್ಮ ಗಡಿಯ ಹಳ್ಳಿಗಳಿಗೆ ಇನ್ನೊಂದು ಪ್ರಶ್ನೆಯೂ ಉಂಟು. ಯಾವ ಭಾಷೆಯಲ್ಲಿ ನಿನಗೆ ಬುದ್ಧಿ ಓಡುತ್ತದೆ?

ನಾರಾಯಣಖೇಡ ಕಡೆಯ ಹುಡುಗಿಯೊಬ್ಬಳು ಕನ್ನಡ ಮಾಧ್ಯಮದಲ್ಲಿ ಓದಿದವಳು. “ತೆಲುಗು ಬರುತ್ತದೆ, ಆದರೆ ಪ್ರಶ್ನೆ ಕೇಳುವಷ್ಟು ಬಾಯಿ ಬರುವುದಿಲ್ಲ” ಎಂದಳು. ತನ್ನನ್ನು ತಾನು ಇಷ್ಟು ಸ್ಪಷ್ಟವಾಗಿ ಬಲ್ಲ ಮಗುವನ್ನು ಕಂಡು ಸಂತೋಷವಾಯಿತು. ಬೀದರಿನಲ್ಲಿ ಪಿ.ಯು.ಸಿ. ಓದುತ್ತೇನೆ ಎಂದಳು. ಆಗ ನಾವು ಗಡಿಯ ಲೆಕ್ಕವನ್ನು ಅವಳ ಮುಂದೆ ಇಟ್ಟೆವು. 1956ರವರೆಗೆ ಜಹೀರಾಬಾದ್, ನಾರಾಯಣಖೇಡ್ ತಾಲೂಕುಗಳು ಬೀದರ್ ಜಿಲ್ಲೆಯವು, ತಾಂಡೂರು ಗುಲ್ಬರ್ಗದ್ದು. ರಾಜ್ಯಗಳ ವಿಂಗಡಣೆಯಲ್ಲಿ ಆಂಧ್ರಕ್ಕೆ ಹೋದವು, 2014ರಿಂದ ತೆಲಂಗಾಣ. ಆದುದರಿಂದ 2013ರಲ್ಲಿ 371 ಜೆ ಅನ್ವಯ ಬೀದರ್, ಕಲಬುರಗಿ ಕಡೆಯವರಿಗೆ ಬಂದ ಮೀಸಲಾತಿ ನಮಗೆ ತಾಗುವುದಿಲ್ಲ. ಇತ್ತ ತೆಲಂಗಾಣದಲ್ಲಿ ಸ್ಥಳೀಯ ಅಭ್ಯರ್ಥಿ ಎನಿಸಿಕೊಳ್ಳಲು ಅರ್ಹತಾ ಪರೀಕ್ಷೆಯವರೆಗಿನ ನಾಲ್ಕು ವರ್ಷಗಳ ಓದನ್ನು ಮುಖ್ಯವಾಗಿ ನೋಡುತ್ತಾರೆ. 2024ರಲ್ಲಿ ವೈದ್ಯಕೀಯ ಸೀಟುಗಳಿಗೆ ಈ ನಿಯಮ ಬಿಗಿಯಾಯಿತು, 2025ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಎರಡು ವರ್ಷ ಬೀದರಿನಲ್ಲಿ ಓದಿದರೆ ಇಲ್ಲಿಯೂ ಹೊರಗಿನವಳು, ಅಲ್ಲಿಯೂ ಹೊರಗಿನವಳು ಆಗುವ ಭಯವಿದೆ. ಗೆರೆ ಎಳೆದವರು ನಮ್ಮ ಮಕ್ಕಳನ್ನು ಕೇಳಿ ಎಳೆಯಲಿಲ್ಲ. ಈ ಅನ್ಯಾಯವನ್ನು ಸಂಘದಿಂದ ಕೇಳುತ್ತಲೇ ಇರಬೇಕು.

ಹುಡುಗಿ ಒಂದು ರಾತ್ರಿ ಯೋಚಿಸಿದಳು. ತನಗೆ ಡಾಕ್ಟರಾಗುವ ಆಸೆಯಿಲ್ಲ, ಕನ್ನಡ ಟೀಚರಾಗುವುದು ಆಸೆ, ಬೀದರೇ ಸರಿ ಎಂದಳು. ತನಗೆ ಬೇಕಾದ್ದು ಏನೆಂದು ಅವಳಿಗೆ ತಿಳಿದಿದ್ದರಿಂದ ಕಳೆದುಕೊಳ್ಳುವುದೇನೆಂದೂ ಅಳೆಯಲು ಸಾಧ್ಯವಾಯಿತು. ವೈದ್ಯಕೀಯದ ಆಸೆಯಿದ್ದವಳಾಗಿದ್ದರೆ, ಕಷ್ಟವಾದರೂ ಈ ಕಡೆಯೇ ಓದು ಎನ್ನುತ್ತಿದ್ದೆವು.

ಮನೆಯೂ ತನ್ನನ್ನು ಅರಿಯಬೇಕು. ಗೋಪುರ ಕಟ್ಟುವವನು ಮೊದಲು ಕೂತು ಲೆಕ್ಕ ಹಾಕಬೇಕೆಂದು ಕರ್ತನೇ ಹೇಳಿದ್ದಾನಷ್ಟೆ. ಸರ್ಕಾರ ಶುಲ್ಕ ಮರುಪಾವತಿ ಮಾಡುತ್ತದೆಂದು ನಂಬಿ ಸಾಲ ಮಾಡಬೇಡಿ. ಆ ಬಾಕಿ ಬಾರದೆ 2025ರ ನವೆಂಬರಿನಲ್ಲಿ ಖಾಸಗಿ ಕಾಲೇಜುಗಳೇ ಬಾಗಿಲು ಹಾಕಿ ಮುಷ್ಕರ ಮಾಡಿದವು. ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರಿಗೆ ಬಿ.ಸಿ.-ಸಿ ಪ್ರಮಾಣಪತ್ರದ ಮೇಲೆ ಶೇಕಡಾ 1 ಮೀಸಲಾತಿ ಇದೆ. ಅದು ಸಾಲದು ಎಂಬುದು ಬೇರೆ ಮಾತು, ಇರುವುದನ್ನಾದರೂ ಬಿಡಬೇಡಿ. ದುಡಿಯಲೇಬೇಕಾದ ಮಕ್ಕಳಿಗೆ ಅಂಬೇಡ್ಕರ್ ಮುಕ್ತ ವಿಶ್ವವಿದ್ಯಾಲಯ ಉಂಟು.

ಒಂದು ಮಾತನ್ನು ತಪ್ಪಾಗಿ ತಿಳಿಯಬಾರದು. ತನ್ನನ್ನು ಅರಿಯಬೇಕೆಂದರೆ ತನ್ನ ಅಂತಸ್ತನ್ನು ಅರಿಯಬೇಕೆಂದಲ್ಲ. “ಕೂಲಿಯವರ ಮಗಳಿಗೆ ಅಷ್ಟು ಓದು ಯಾಕೆ, ನಿಮ್ಮ ಅಳತೆ ತಿಳಿದು ನಡೆಯಿರಿ” ಎಂದು ನಮಗೆ ಬುದ್ಧಿ ಹೇಳುವ ಗೌಡರು ಪ್ರತಿ ಊರಿನಲ್ಲೂ ಇದ್ದಾರೆ. ಕೆಲವೊಮ್ಮೆ ಆ ಮಾತು ನಮ್ಮ ಸಭೆಯ ಬೆಂಚಿನಿಂದಲೇ ಬರುತ್ತದೆ, ಅದರಲ್ಲೂ ಹೆಣ್ಣುಮಕ್ಕಳ ವಿಷಯಕ್ಕೆ. ದಾವೀದನು ಕವಚ ಬಿಚ್ಚಿಟ್ಟು ಮನೆಗೆ ಹೋಗಲಿಲ್ಲ, ಕುರಿ ಕಾಯುವುದೇ ಸಾಕೆನ್ನಲಿಲ್ಲ. ಹಳ್ಳದಿಂದ ಐದು ಕಲ್ಲು ಆರಿಸಿಕೊಂಡು ಅದೇ ಗೊಲ್ಯಾತನ ಎದುರಿಗೇ ಹೋದನು.

ಬರುವ ಭಾನುವಾರ ಆರಾಧನೆಯ ನಂತರ ಸಂಘದ ಸೇವಕರು ಸಭಾಮಂದಿರದ ಜಗುಲಿಯಲ್ಲಿ ಕೂತು ಅರ್ಜಿ ತುಂಬಲು ಸಹಾಯ ಮಾಡುವರು. ಅಂಕಪಟ್ಟಿ, ಟಿ.ಸಿ., ಜಾತಿ ಮತ್ತು ಆದಾಯದ ಪ್ರಮಾಣಪತ್ರ, ಆಧಾರ್ ತನ್ನಿ. ಮಗುವನ್ನು ಕಡ್ಡಾಯವಾಗಿ ಕರೆತನ್ನಿ. ಮಗು ಬಾರದೆ ತಂದೆ ಮಾತ್ರ ಬಂದರೆ, ಟೀ ಕೊಟ್ಟು ಕಳುಹಿಸುತ್ತೇವೆ, ಅರ್ಜಿ ತುಂಬುವುದಿಲ್ಲ.