ತಾತನ ಪೆನ್‌ಡ್ರೈವ್ ಮತ್ತು ನಮ್ಮ ಕನ್ನಡ (ಭಾಗ 7)

ಫೋಟೋದಲ್ಲಿರೋದು ನಮ್ಮ ತಾತನ ಪೆನ್‌ಡ್ರೈವ್. ನಾನು ಹುಟ್ಟೋಕೆ ಎರಡು ವರ್ಷ ಮುಂಚೆ, 2003ರಲ್ಲಿ, ರಿಟೈರ್ ಆದ್ಮೇಲೆ ಕನ್ನಡ ಟೈಪಿಂಗ್ ಕಲಿತು, ತ್ಯಾಗರಾಜನಗರದ ನೆನಪುಗಳನ್ನ 62 ಪುಟ ಬರೆದಿದ್ರು. ಈಗ ತಾತ ಇಲ್ಲ. ಹೋದ ತಿಂಗಳು ಫೈಲ್ ತೆರೆದ್ರೆ ಒಂದಕ್ಷರ ಕನ್ನಡ ಇಲ್ಲ. ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗಜಿಬಿಜಿ. ಅಜ್ಜಿ ಪಕ್ಕದಲ್ಲೇ ಕೂತಿದ್ರು. "ಹಾಳಾಗಿದ್ಯೇನೋ?" ಅಂದ್ರು. ನನ್ನ ಹತ್ರ ಉತ್ತರ ಇರಲಿಲ್ಲ.

ಹಾಳಾಗಿರಲಿಲ್ಲ. ಆಗಿನ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸ್ತಿದ್ದವು. ಅದೇ ಫಾಂಟ್ ಇದ್ರೆ ಕನ್ನಡ, ಇಲ್ದಿದ್ರೆ ಕಸ. ಯೂನಿಕೋಡ್‌ನಲ್ಲಿ 'ಕ' ಅನ್ನೋದಕ್ಕೆ ತನ್ನದೇ ಸಂಖ್ಯೆ ಇದೆ, ಯಾವ ಫೋನಲ್ಲಿ ತೆರೆದ್ರೂ ಅದು 'ಕ'ನೇ.

ಇದನ್ನ ಹುಡುಕ್ತಾ ಹೋದಾಗ ಸಿಕ್ಕ ಹೆಸರು ಡಾ. ಯು.ಬಿ. ಪವನಜ. ಮುಂಬೈನ ಭಾಭಾ ಅಣುಶಕ್ತಿ ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದವರು. 1996ರಲ್ಲಿ 'ವಿಶ್ವಕನ್ನಡ' ಶುರು ಮಾಡಿದ್ರು, ಕನ್ನಡದ ಮೊದಲ ಅಂತರಜಾಲ ಪತ್ರಿಕೆ. ನಮ್ಮಲ್ಲಿ ಎಷ್ಟು ಮನೇಲಿ ಆಗ ಇಂಟರ್ನೆಟ್ ಇತ್ತು ಹೇಳಿ? ವಿಂಡೋಸ್‌ನಲ್ಲಿ ಕನ್ನಡಕ್ಕೆ ನೇರ ಬೆಂಬಲ ಬಂದಿದ್ದೇ 2001ರ ಎಕ್ಸ್‌ಪಿ ಕಾಲಕ್ಕೆ. ಓದುಗರು ಬರೋ ಮುಂಚೆ ಪತ್ರಿಕೆ ಮಾಡಿದ ಮನುಷ್ಯ. ಆಮೇಲೆ ಆ ಕೆಲಸ ಬಿಟ್ಟು ಬೆಂಗಳೂರಿಗೆ ಬಂದು, ಮಕ್ಕಳಿಗೆ ಕನ್ನಡದ ಲೋಗೋ ತಂತ್ರಾಂಶ, ಪತ್ರಿಕೆಗಳಿಗೆ ತಂತ್ರಜ್ಞಾನದ ಅಂಕಣ, ಕನ್ನಡ ವಿಕಿಪೀಡಿಯ, ಹೀಗೆ ಇದೇ ಕೆಲಸಕ್ಕೆ ನಿಂತ್ರು.

ಬಿಕಾಂ ಓದೋ ನಾವು ಮೊದಲು ಕೇಳೋದು 'ರಿಟರ್ನ್ ಎಷ್ಟು?' ಅಂತ. ಫ.ಗು. ಹಳಕಟ್ಟಿಯವರನ್ನೂ ಆಗ ಯಾರೋ ಹೀಗೇ ಕೇಳಿರಬೇಕು. ವಕೀಲರಾಗಿದ್ದವರು ವಚನದ ತಾಳೆಗರಿ ಹುಡುಕ್ಕೊಂಡು ಊರೂರು ಅಲೆದ್ರು, 1923ರಲ್ಲಿ 'ವಚನಶಾಸ್ತ್ರ ಸಾರ' ಸಂಪಾದಿಸಿ ತಂದ್ರು, ಅಚ್ಚು ಹಾಕೋಕೆ ಮನೇನೂ ಮಾರಿದ್ರು. ಇವತ್ತು 'ವಚನ ಸಂಚಯ'ದಲ್ಲಿ 20 ಸಾವಿರಕ್ಕೂ ಹೆಚ್ಚು ವಚನಗಳು ಯೂನಿಕೋಡ್‌ನಲ್ಲಿವೆ, ಒಂದು ಪದ ಹಾಕಿ ಹುಡುಕಬಹುದು. ಒಬ್ಬರು ಸೇರಿಸಿದ್ರು, ಒಬ್ಬರು ಹೊಸ ಮಾಧ್ಯಮಕ್ಕೆ ದಾರಿ ಮಾಡಿದ್ರು. ಎರಡೂ ಕೆಲಸ ಸೇರಿದ್ದಕ್ಕೇ ಅದು ನಮ್ಮ ಫೋನ್‌ವರೆಗೂ ಬಂತು.

ಈಗ ನಮ್ಮ ವಿಷಯಕ್ಕೆ ಬನ್ನಿ. ನಾವು ಕನ್ನಡನ ಇಂಗ್ಲಿಷ್ ಅಕ್ಷರದಲ್ಲಿ ಬರೀತೀವಿ. ಇಲ್ಲಾಂದ್ರೆ ಕವಿತೆ ಬರೆದು ಫೋಟೋ ಮೇಲೆ ಅಂಟಿಸಿ ಸ್ಟೋರಿ ಹಾಕ್ತೀವಿ, 24 ಗಂಟೇಲಿ ಮಾಯ. ನಮ್ಮ ಕ್ಲಾಸಿನ ವಾರ್ಷಿಕ ಸಂಚಿಕೆಗೂ ಪುಟಗಳ ಫೋಟೋ ಹಾಕಿದ್ರೆ ಸಾಕು ಅಂತಿದ್ದಾರೆ. ನನ್ನ ಪ್ರಕಾರ ಸಾಲದು. ಫೋಟೋದೊಳಗಿನ ಕನ್ನಡಾನ ಪದ ಹಾಕಿ ಹುಡುಕೋದು ಕಷ್ಟ, ಕಣ್ಣು ಕಾಣದವರ ಫೋನ್ ಅದನ್ನ ಸರಿಯಾಗಿ ಓದಿ ಹೇಳೋದೂ ಕಷ್ಟ. "ನಮ್ಮದನ್ನ ಯಾರೋ ಓದ್ತಾರೆ ಮಗಾ?" ಅಂತ ಕೇಳ್ತೀರ. ತಾತನೂ ಹಾಗೇ ಅಂದ್ಕೊಂಡಿರಬಹುದು.

ಕೊನೆಗೆ ಒಂದು ಪರಿವರ್ತಕದಲ್ಲಿ ಆ ಫೈಲ್ ಹಾಕಿದೆ. ಅರ್ಕಾವತ್ತುಗಳು ಅಲ್ಲಲ್ಲಿ ಜಾಗ ತಪ್ಪಿದ್ವು, ಮೂರು ರಾತ್ರಿ ಕೂತು ಸರಿ ಮಾಡಿದೆ. ಕಡಲೆಕಾಯಿ ಪರಿಷೆಗೆ ಅಜ್ಜಿ ಜೊತೆ ಮೊದಲ ಸಲ ನಡ್ಕೊಂಡು ಹೋಗಿದ್ದು 14ನೇ ಪುಟದಲ್ಲಿದೆ. ಅಜ್ಜಿ ಎರಡು ಸಲ ಓದಿಸ್ಕೊಂಡ್ರು. "ಅವತ್ತು ಮಳೆ ಬಂದಿತ್ತು, ಅದನ್ನ ಬರೆದೇ ಇಲ್ಲ ನೋಡು" ಅಂದ್ರು. ಅದನ್ನೂ ಅಜ್ಜಿ ಹೆಸರಲ್ಲಿ ಕೆಳಗೆ ಸೇರಿಸಿದೆ.

ಕ್ಲಾಸಿನವರೇ, ಸಂಚಿಕೆಯ ಕನ್ನಡ ವಿಭಾಗ ಟೈಪ್ ಮಾಡೋಕೆ ನಾನು ರೆಡಿ. ನಿಮ್ಮ ಬರಹ ಯೂನಿಕೋಡ್‌ನಲ್ಲಿ, ಹೆಸರು, ತಾರೀಖು ಹಾಕಿ ಮೆಸೇಜ್ ಮಾಡಿ. ಉಳಿದವರು ಇವತ್ತೇ ಮನೇಲಿರೋ ಹಳೇ ಸಿಡಿ, ಪೆನ್‌ಡ್ರೈವ್ ತೆಗೆದು ನೋಡಿ. ಗಜಿಬಿಜಿ ಕಂಡ್ರೆ ಡಿಲೀಟ್ ಮಾಡಬೇಡಿ, ನನ್ನನ್ನ ಕೇಳಿ.

#ತ್ಯಾಗರಾಜನಗರ #ಕನ್ನಡದಲ್ಲೇಟೈಪಿಸಿ #ತಾತನಪೆನ್‌ಡ್ರೈವ್