ಲೋಳೆಮೀನಿನ ಚಿತ್ರವೂ ನಮ್ಮ ಹುಡುಗಿಯರ ಚಿತ್ರಪುಸ್ತಕವೂ

ಜರ್ಮನಿಯ ಯೇನಾ ನಗರದಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎರ್ನ್ಸ್ಟ್ ಹೆಕೆಲ್ ಎಂಬವರು 1899ರಿಂದ 1904ರ ವರೆಗೆ ನೂರು ಚಿತ್ರಪಟಗಳನ್ನು ಕಂತುಕಂತಾಗಿ ಪ್ರಕಟಿಸಿದರು. 'ಪ್ರಕೃತಿಯ ಕಲಾರೂಪಗಳು' ಎಂಬುದು ಆ ಗ್ರಂಥದ ಹೆಸರಿನ ಅರ್ಥ. ಅದರಲ್ಲಿರುವ ಲೋಳೆಮೀನುಗಳ ಪಟಗಳು ಈಗಲೂ ಮನೆಗೋಡೆಗಳನ್ನು ಅಲಂಕರಿಸುತ್ತಲಿರುವವು. ಅಂಥ ಪಟವೊಂದನ್ನು ಮಗಳಿಗೆ ಕೊಂಡುಕೊಡಬೇಕೆಂದಿರುವ ತಾಯ್ತಂದೆಗಳಿಗೆ ನಾವು ಎರಡು ಮಾತು ಹೇಳಬಯಸುತ್ತೇವೆ.

ಲೋಳೆಮೀನು ನೀರಿನಲ್ಲಿರುವಾಗ ಬಿಚ್ಚಿದ ಕೊಡೆ. ಮರಳಿನ ಮೇಲೆ ಬಿದ್ದರೆ ಚೆಲ್ಲಿದ ಗಂಜಿ. ಅದರ ಶರೀರದಲ್ಲಿ ಹತ್ತರಲ್ಲಿ ಒಂಬತ್ತು ಪಾಲಿಗೂ ಮಿಕ್ಕಿ ನೀರೇ ಇರುವದು. ಮದ್ಯಸಾರದ ಸೀಸೆಯಲ್ಲಿಟ್ಟರೆ ಬಣ್ಣವು ಕಳೆದು ಮುದುಡಿಹೋಗುವದು. ಆದುದರಿಂದಲೇ ಈ ಜೀವಿಯ ರೂಪವನ್ನು ಉಳಿಸುವ ಕೆಲಸವು ಕುಂಚದ ಪಾಲಿಗೆ ಬಂತು. ಹೆಕೆಲರು ಬರೆದುದನ್ನು ಅಡಾಲ್ಫ್ ಗಿಲ್ಚ್ ಎಂಬ ನಿಪುಣನು ಕಲ್ಲಚ್ಚಿಗೆ ಇಳಿಸಿದನು. 1864ರಲ್ಲಿ ತೀರಿಹೋದ ಪತ್ನಿ ಅನ್ನಾ ಜೇಥೆಯ ಹೆಸರನ್ನೇ ಹೆಕೆಲರು ಒಂದು ಲೋಳೆಮೀನಿಗೆ ಇಟ್ಟರು. ಆ ಪಟದ ಇಳಿಬಿದ್ದ ಎಳೆಗಳನ್ನು ಕಂಡವರು ಸುಲಭವಾಗಿ ಮರೆಯಲಾರರು.

ಆದರೆ ಈ ಪಟಗಳಲ್ಲಿ ಎಡಕ್ಕಿರುವದೇ ಬಲಕ್ಕೂ ಇರುವದು. ಹರಿದ ಎಳೆಯೊಂದೂ ಕಾಣದು. ಸಮುದ್ರವು ಇಷ್ಟೊಂದು ಅಚ್ಚುಕಟ್ಟನ್ನು ಬಲು ಅಪರೂಪವಾಗಿ ತೋರಿಸುವದು. ಅಂದಕ್ಕಾಗಿ ತುಸು ತಿದ್ದಿದರೆ ಕೇಡೇನೆಂದು ಕೇಳುವವರು ಇದೇ ಹೆಕೆಲರ 1868ರ ಗ್ರಂಥವನ್ನು ನೆನೆಯಲಿ. ನಾಯಿ, ಕೋಳಿ, ಆಮೆ ಇವುಗಳ ಭ್ರೂಣಗಳು ಎಳವೆಯಲ್ಲಿ ಒಂದೇ ತೆರನಾಗಿರುವವೆಂದು ತೋರಿಸಲು ಅವರು ಒಂದೇ ಮರದಚ್ಚನ್ನು ಮೂರು ಸಾರಿ ಒತ್ತಿಸಿ, ಮೂರು ಹೆಸರು ಕೊಟ್ಟಿದ್ದರು! ಬಾಸೆಲಿನ ಪಂಡಿತರಾದ ರ್ಯೂಟಿಮೆಯರರು ಅದನ್ನು ಬಯಲಿಗೆಳೆದರು. ಮುಂದಣ ಆವೃತ್ತಿಯಲ್ಲಿ ಅದು ತಿದ್ದಲ್ಪಟ್ಟಿತಾದರೂ ಅಪವಾದವು ಹೆಕೆಲರನ್ನು ಕೊನೆಯ ವರೆಗೂ ಬಿಡಲಿಲ್ಲ.

ಹಾಗೆಂದು ಅವರ ಪಟಗಳನ್ನು ಗೋಡೆಯಿಂದ ಇಳಿಸಬೇಕೆಂಬವರ ಪಕ್ಷ ನಮ್ಮದಲ್ಲ. ಅವು ತೂಗಲಿ, ಹುಡುಗಿಯರು ನೋಡಿ ಹಿಗ್ಗಲಿ. ನಮ್ಮ ತಕರಾರು ಬೇರೆ. ಶಾಲೆಗಳಲ್ಲಿ ಚಿತ್ರಲೇಖನವನ್ನು ಕಸೂತಿಯ ತಂಗಿಯೆಂದೆಣಿಸಿ, ಗೆರೆ ನಯವಾಗಿದ್ದರೆ ಸಾಕೆಂದು ಅಂಕ ಕೊಡುವ ವಾಡಿಕೆಯು ಇನ್ನೂ ಹೋಗಲಿಲ್ಲ. ವಿಜ್ಞಾನದ ಪುಸ್ತಕದಲ್ಲಿಯೂ ಅದೇ ಅಳತೆಗೋಲು. ಪಾಠದ ಚಿತ್ರವನ್ನು ಅಂದವಾಗಿ ನಕಲು ಮಾಡಿದವಳು ಮುಂದೆ. ಕಣ್ಣಾರೆ ಕಂಡುದನ್ನು ಸೊಟ್ಟಗೆ ಬರೆದವಳು ಹಿಂದೆ. ಹುಡುಗರಿಗೆ ಸೂಕ್ಷ್ಮದರ್ಶಕ, ಹುಡುಗಿಯರಿಗೆ ಅಂಚುಚಿತ್ತಾರವೆಂಬ ಹಳೆಯ ಎಣಿಕೆಯೇ ಇದರ ಬೇರೆಂದು ನಮಗೆ ತೋರುವದು.

ಚಂದ್ರನಂತೆ ಬಿಳುಪಾದ ಒಂದು ಜಾತಿಯ ಲೋಳೆಮೀನುಂಟು. ಅದರ ಕೊಡೆಯ ನಡುವೆ ಕುದುರೆಲಾಳದಂಥ ನಾಲ್ಕು ಗುರುತುಗಳು ಕಾಣುವವು, ಪುಸ್ತಕಗಳಲ್ಲೆಲ್ಲಾ ನಾಲ್ಕೇ. ಆದರೆ ಮೂರೋ ಐದೋ ಆರೋ ಗುರುತುಗಳುಳ್ಳವು ಆಗಾಗ ಹುಟ್ಟುವದುಂಟು. ಐದನ್ನು ಕಂಡು ಐದನ್ನೇ ಬರೆದ ಹುಡುಗಿಯ ಚಿತ್ರಕ್ಕೆ ಉಪಾಧ್ಯಾಯಿನಿಯು ಕೆಂಪು ಗೀಟೆಳೆಯುವ ಮೊದಲು, 'ಇದನ್ನು ಎಲ್ಲಿ ನೋಡಿದೆಯಮ್ಮಾ?' ಎಂದು ಒಂದು ಸಾರಿ ಕೇಳಲಿ.