ಲೆಕ್ಕ ಬರೆದರೆ ಬರಕತ್ ಹೋಗುವುದೇ?

ಜನಾಝಾ ನಮಾಝಿಗೆ ಸಾಲುಗಳು ಸರಿಯಾಗುವಾಗ ಮೃತರ ಬಂಧುಗಳಲ್ಲೊಬ್ಬರು ಮುಂದೆ ನಿಂತು ಹೇಳುವ ಮಾತು ನಮಗೆಲ್ಲ ಕಂಠಪಾಠವಾಗಿದೆ. ಮೃತರಿಂದ ಯಾರಿಗಾದರೂ ಹಣ ಬರಬೇಕಿದ್ದರೆ ಅವರ ಮಕ್ಕಳನ್ನೋ ಸಹೋದರರನ್ನೋ ಕಾಣಬೇಕು, ಇಲ್ಲವೇ ಕ್ಷಮಿಸಿಬಿಡಬೇಕು ಎಂಬ ಮಾತು ಅದು. ನಾವು ತಲೆ ತಗ್ಗಿಸಿ ಕೇಳುತ್ತೇವೆ, ತಕ್ಬೀರ್ ಕಟ್ಟುತ್ತೇವೆ, ದಫನ ಮುಗಿಸಿ ಮನೆಗೆ ಮರಳುತ್ತೇವೆ. ಆ ಮಾತಿನ ಮುಂದಿನ ಭಾಗ ನಡೆಯುವುದು ಮೃತರ ಮನೆಯ ಜಗಲಿಯಲ್ಲಿ. ಅಲ್ಲಿಗೆ ಹೋಗುವವರು ಕಡಿಮೆ.

ಎರಡು ವರ್ಷಗಳ ಹಿಂದೆ ನಮ್ಮ ಜಮಾಅತಿನ ಒಬ್ಬ ಸಣ್ಣ ವ್ಯಾಪಾರಿ ತೀರಿಕೊಂಡಾಗ ನಾವು ಆ ಜಗಲಿಯಲ್ಲಿ ಕುಳಿತಿದ್ದೆವು. ಒಬ್ಬರು ಬಂದು ಅರುವತ್ತು ಸಾವಿರ ರೂಪಾಯಿ ಬರಬೇಕೆಂದರು. ಇನ್ನೊಬ್ಬರು ಚೀಟಿಯ ಹಣವೆಂದರು. ಮೂರನೆಯವರು ಮೊತ್ತವನ್ನೇ ಹೇಳಲಿಲ್ಲ. ‘ನಿಮ್ಮ ಉಪ್ಪನಿಗೆ ಗೊತ್ತಿತ್ತು ಮಗನೇ’ ಎಂದು ಹದಿನೇಳರ ಹುಡುಗನ ಮುಖ ನೋಡಿದರು. ಇದ್ದತ್‌ನಲ್ಲಿ ಕುಳಿತಿದ್ದ ಆ ತಾಯಿಯನ್ನು ಬಾಗಿಲಿನ ಮರೆಯಿಂದ ಕೇಳಿದಾಗ ಬಂದ ಉತ್ತರ ಒಂದೇ: ‘ಅವರು ನನಗೆ ಏನೂ ಹೇಳುತ್ತಿರಲಿಲ್ಲ ಉಸ್ತಾದ್.’ ಅಂಗಡಿಯ ಮೇಜಿನ ಸೆಳೆಯಲ್ಲಿ ಸಿಕ್ಕಿದ್ದು ಕೆಲವು ತುಂಡು ಕಾಗದ. ಅದರಲ್ಲಿ ಒಂದು ಹೆಸರು, ಎದುರಿಗೆ 40 ಎಂಬ ಅಂಕೆ. ನಲ್ವತ್ತು ಸಾವಿರವೋ ನಲ್ವತ್ತು ಕಿಲೋವೋ, ಅವರು ಕೊಡಬೇಕಾದದ್ದೋ ಅವರಿಗೆ ಬರಬೇಕಾದದ್ದೋ, ತಿಳಿದವರು ಮಣ್ಣಿನೊಳಗೆ ಮಲಗಿದ್ದರು.

ಪ್ರವಾದಿ(ಸ)ರವರ ಮುಂದೆ ಒಂದು ಜನಾಝಾ ತಂದಿರಿಸಿದಾಗ ಅವರು ಮೊದಲು ವಿಚಾರಿಸಿದ್ದು ಮೃತರಿಗೆ ಸಾಲವಿದೆಯೇ ಎಂದು. ಇದೆಯೆಂದು ತಿಳಿದಾಗ ಸಂಗಡಿಗರಿಗೆ ನಮಾಝ್ ನಿರ್ವಹಿಸಲು ಹೇಳಿ ತಾವು ಹಿಂದೆ ಸರಿದರು. ಅಬೂ ಖತಾದ(ರ) ಆ ಸಾಲವನ್ನು ತಮ್ಮ ಮೇಲೆ ಹೊತ್ತುಕೊಂಡ ಬಳಿಕವೇ ಅವರು ನಮಾಝ್ ಮಾಡಿದರು. ಸಹೀಹ್ ಬುಖಾರಿಯಲ್ಲಿರುವ ಈ ಘಟನೆಯನ್ನು ನಾವು ವಅಝ್‌ಗಳಲ್ಲಿ ಎಷ್ಟೋ ಸಲ ಹೇಳಿದ್ದೇವೆ. ಆದರೆ ಸಾಲವಿದೆಯೇ ಎಂಬ ಆ ಪ್ರಶ್ನೆಗೆ ಉತ್ತರ ಕೊಡಲು ಮನೆಯಲ್ಲಿ ಒಂದು ಪುಸ್ತಕವಿರಬೇಕೆಂದು ನಮಗೆ ತೋಚಿರಲಿಲ್ಲ. ಪವಿತ್ರ ಕುರ್‌ಆನಿನ ಅತಿ ದೀರ್ಘ ಆಯತ್, ಅಂದರೆ ಅಲ್‌ಬಖರ ಅಧ್ಯಾಯದ 282ನೆಯದು, ಸ್ವರ್ಗ ನರಕಗಳ ಕುರಿತದ್ದಲ್ಲ, ಯುದ್ಧದ ಕುರಿತದ್ದೂ ಅಲ್ಲ. ಕೊಡುಕೊಳ್ಳುವಿಕೆಯನ್ನು ಬರೆದಿಡುವ ಕುರಿತದ್ದು. ಮೊತ್ತ ಸಣ್ಣದಿರಲಿ ದೊಡ್ಡದಿರಲಿ, ಬರೆಯಲು ಬೇಸರಿಸಬಾರದೆಂದು ಅದು ಎಚ್ಚರಿಸುತ್ತದೆ. ಆ ಆಯತನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುವ ನಾವೇ ನಮ್ಮ ಮನೆಯ ಖರ್ಚನ್ನು ಹದಿನಾರು ವರ್ಷ ಬರೆದಿರಲಿಲ್ಲ.

ಬರೆಯದಿರುವುದಕ್ಕೆ ನಮ್ಮ ಕರಾವಳಿಯ ಮನೆಗಳಲ್ಲಿ ಒಂದು ಗಟ್ಟಿ ಸಮರ್ಥನೆಯಿದೆ. ಎಣಿಸಿದರೆ ಬರಕತ್ ಹೋಗುತ್ತದೆ ಎನ್ನುತ್ತಾರೆ ಹಿರಿಯರು. ಅಕ್ಕಿ ಡಬ್ಬಿಯಲ್ಲಿ ಎಷ್ಟಿದೆಯೆಂದು ಇಣುಕಿ ನೋಡಬೇಡ ಎಂದು ನಮ್ಮ ಉಮ್ಮನೂ ಹೇಳುತ್ತಿದ್ದರು. ಇದನ್ನು ಮೂಢನಂಬಿಕೆಯೆಂದು ತಳ್ಳಿಹಾಕಲು ಬರುವುದಿಲ್ಲ, ಏಕೆಂದರೆ ಇದರ ಬೇರು ಹದೀಸಿನಲ್ಲೇ ಇದೆ. ಆಯಿಶಾ(ರ)ರ ಮನೆಯಲ್ಲಿ ಸ್ವಲ್ಪ ಬಾರ್ಲಿ ಇತ್ತು. ಬಹುಕಾಲ ಅದರಿಂದಲೇ ಉಂಡರು. ಒಂದು ದಿನ ಅಳೆದು ನೋಡಿದರು, ಆಮೇಲೆ ಅದು ಮುಗಿದುಹೋಯಿತು. ಅವರ ಸಹೋದರಿ ಅಸ್ಮಾ(ರ)ರಿಗೂ ಪ್ರವಾದಿ(ಸ)ರವರು, ಎಣಿಸಿ ಎಣಿಸಿ ಕೂಡಿಡಬೇಡಿರಿ, ಹಾಗೆ ಮಾಡಿದರೆ ಅಲ್ಲಾಹನೂ ನಿಮಗೆ ಎಣಿಸಿಯೇ ಕೊಡುವನು ಎಂಬ ಅರ್ಥದ ಉಪದೇಶವನ್ನು ನೀಡಿದ್ದಾರೆ.

ಆದರೆ ಅದೇ ಬುಖಾರಿಯಲ್ಲಿ, ಆಹಾರಧಾನ್ಯವನ್ನು ಅಳೆಯಿರಿ, ಅದರಲ್ಲಿ ಬರಕತ್ ಉಂಟಾಗುವುದು ಎಂಬ ಆಶಯದ ಹದೀಸೂ ಇದೆ. ಹಾಗಾದರೆ ಅಳೆಯಬೇಕೋ ಬೇಡವೋ? ನಮ್ಮ ವಿದ್ವಾಂಸರು ಇದನ್ನು ಬಿಡಿಸಿ ಹೇಳಿದ್ದಾರೆ. ಕೊಳ್ಳುವಾಗ, ಮಾರುವಾಗ, ಮನೆಗೆ ತರುವಾಗ ಅಳೆಯಬೇಕು, ಏಕೆಂದರೆ ಅಲ್ಲಿ ಇನ್ನೊಬ್ಬರ ಹಕ್ಕಿದೆ. ಅನ್ನವನ್ನು ಬಡಿಸುವಾಗ, ಬಡವನಿಗೆ ಕೊಡುವಾಗ, ಮುಗಿದುಹೋದೀತೆಂಬ ಭಯದಿಂದ ಕೈ ಹಿಡಿದು ಅಳೆಯಬಾರದು. ಅಸ್ಮಾ(ರ)ರಿಗೆ ಬಂದ ಉಪದೇಶದ ಸಂದರ್ಭವೂ ದಾನದ್ದೇ. ನಾವು ಮಾಡುತ್ತಿರುವುದಾದರೋ ಇದರ ತಿರುಗು ಮುರುಗು. ಮಸೀದಿಯ ಬಕೆಟಿಗೆ ಹಾಕುವಾಗ ಜೇಬಿನೊಳಗೇ ನೋಟಿನ ಬಣ್ಣ ನೋಡಿ ಹತ್ತರದ್ದನ್ನು ಹೆಕ್ಕುತ್ತೇವೆ. ಮಾಲ್‌ನಲ್ಲಿ, ಹೋಟೆಲಿನಲ್ಲಿ, ಮದುವೆಯ ಹಾಲಿನಲ್ಲಿ ಲೆಕ್ಕವೇ ಇಲ್ಲ. ಎಣಿಕೆ ಬೇಡವೆಂದ ಕಡೆ ಎಣಿಸುತ್ತೇವೆ, ಬೇಕೆಂದ ಕಡೆ ಬರಕತ್ತಿನ ಮಾತಾಡುತ್ತೇವೆ.

ತವಕ್ಕುಲ್ ಎಂಬ ಪದವನ್ನೂ ಹೀಗೆಯೇ ಸವೆಸಿದ್ದೇವೆ. ಬನೂ ನಝೀರ್‌ನ ತೋಟಗಳ ಉತ್ಪನ್ನದಿಂದ ಪ್ರವಾದಿ(ಸ)ರವರು ತಮ್ಮ ಕುಟುಂಬಕ್ಕೆ ಒಂದು ವರ್ಷದ ಆಹಾರವನ್ನು ತೆಗೆದಿಡುತ್ತಿದ್ದರೆಂದು ಉಮರ್(ರ) ವರದಿ ಮಾಡಿದ್ದಾರೆ. ಪ್ರವಾದಿ ಯೂಸುಫ್(ಅ)ರು ಏಳು ಸುಭಿಕ್ಷ ವರ್ಷಗಳ ಧಾನ್ಯವನ್ನು, ತಿನ್ನಲು ಬೇಕಾದ ಸ್ವಲ್ಪವನ್ನುಳಿದು, ತೆನೆಯಲ್ಲೇ ಉಳಿಸಲು ಹೇಳಿದ್ದು ಮುಂದಿನ ಏಳು ಬರಗಾಲದ ವರ್ಷಗಳಿಗಾಗಿ. ನಮ್ಮ ಅಜ್ಜಿಯರಿಗೆ ಈ ವಿದ್ಯೆ ಓದದೆಯೇ ಗೊತ್ತಿತ್ತು. ಮೇ ತಿಂಗಳಲ್ಲೇ ಒಣಮೀನು, ಹಲಸಿನ ಹಪ್ಪಳ, ಉಪ್ಪಿನಲ್ಲಿ ಹಾಕಿದ ಮಾವು, ಕುಚ್ಚಲಕ್ಕಿಯ ಮೂಟೆ ಅಟ್ಟ ಸೇರುತ್ತಿದ್ದವು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲವೆಂಬುದು ಇಂದಿಗೂ ಎಲ್ಲರಿಗೂ ತಿಳಿದ ಸಂಗತಿ. ಆದರೂ ಜೂನ್ ಎರಡನೆಯ ವಾರ ಬಂಗುಡೆಯ ಬೆಲೆ ಕೇಳಿ ಪ್ರತಿವರ್ಷವೂ ಬೆಚ್ಚಿಬೀಳುತ್ತೇವೆ.

ಇನ್ನು ನಮ್ಮ ಮನೆಯ ಮಾತು. ಆ ಜಗಲಿಯಿಂದ ಬಂದ ವಾರವೇ ಇನ್ನೂರು ಪುಟದ ಒಂದು ನೋಟ್‌ಬುಕ್ ತಂದೆವು. ಮದ್ರಸದ ಸಂಬಳ, ಸಂಜೆಯ ಕನ್ನಡ ಟ್ಯೂಷನ್ ಸೇರಿ ಆಗ ಬರುತ್ತಿದ್ದುದು 22,000 ರೂಪಾಯಿ. ಅಕ್ಕಿ, ದಿನಸಿ, ಮೀನು, ಹಾಲು, ಗ್ಯಾಸ್, ಉಮ್ಮನ ಔಷಧಿ, ಮಕ್ಕಳ ಶಾಲೆಯ ವ್ಯಾನು ಎಂದು ಪತ್ನಿಯೂ ನಾವೂ ರಾತ್ರಿ ಇಶಾ ಬಳಿಕ ಬರೆಯತೊಡಗಿದೆವು. ತಿಂಗಳ ಕೊನೆಗೆ ಬರೆದ ಖರ್ಚು 18,600. ಉಳಿಯಬೇಕಾದದ್ದು 3,400. ಕಪಾಟಿನಲ್ಲಿದ್ದದ್ದು 450. ಉಳಿದ 2,950 ರೂಪಾಯಿ ಎಲ್ಲಿ?

ನಾವು ಒಳಗೊಳಗೇ ಸಂಶಯಪಟ್ಟದ್ದು ಅಡುಗೆಮನೆಯನ್ನು. ಪತ್ನಿ ಏನೂ ಮಾತಾಡದೆ ನಮ್ಮ ಮೊಬೈಲನ್ನು ಮುಂದಿಟ್ಟರು. ಯುಪಿಐ ಪಟ್ಟಿಯನ್ನು ಕೆಳಗೆ ಸರಿಸುತ್ತಾ ಹೋದಂತೆ ಇಪ್ಪತ್ತು, ಮೂವತ್ತು, ನಲ್ವತ್ತು, ಮತ್ತೆ ಮೂವತ್ತು. ಅಸರ್ ಬಳಿಕ ಗೆಳೆಯರೊಡನೆ ಕುಳಿತ ಚಹಾ, ಗೋಳಿಬಜೆ, ಒಮ್ಮೊಮ್ಮೆ ಎಲ್ಲರ ಬಿಲ್ಲು. ಕೂಡಿಸಿದರೆ 1,870. ಒಬ್ಬ ಸಹೋದ್ಯೋಗಿಗೆ ಕೈಸಾಲ 500. ಮಿಕ್ಕ 580 ಇಂದಿಗೂ ಗೊತ್ತಾಗಿಲ್ಲ. ನೋಟು ಎಣಿಸಿ ಕೊಡುವಾಗ ಇದ್ದ ಸಂಕೋಚ ಫೋನಿನಲ್ಲಿ ಇಲ್ಲವೆಂಬುದು ನಿಜ; ಆದರೆ ನೋಟು ಮರೆಯುವುದನ್ನು ಫೋನು ಮರೆಯುವುದಿಲ್ಲವೆಂಬುದೂ ಅಷ್ಟೇ ನಿಜ.

ಇಲ್ಲಿ ನಮ್ಮ ಪುರುಷ ಓದುಗರಿಗೆ ಇಷ್ಟವಾಗದ ಒಂದು ಮಾತು ಹೇಳಬೇಕಿದೆ. ಲೆಕ್ಕ ಎಂಬುದು ನಮ್ಮ ಮನೆಗಳಲ್ಲಿ ಇಲ್ಲವೇ ಇಲ್ಲ ಎಂದಲ್ಲ. ಅದನ್ನು ಕೇಳುವವರು ಗಂಡಸರು, ಒಪ್ಪಿಸುವವರು ಹೆಂಗಸರು. ಕೊಲ್ಲಿಯಲ್ಲಿರುವ ಪತಿ ಹಣ ಕಳಿಸಿ ಹದಿನೈದು ದಿನಕ್ಕೆ ಫೋನು ಮಾಡಿ, ಕಳಿಸಿದ್ದೆಲ್ಲ ಎಲ್ಲಿ ಹೋಯಿತು ಎಂದು ಕೇಳುತ್ತಾನೆ. ಅವನ ಉಮ್ಮನ ವೈದ್ಯರ ಶುಲ್ಕ, ತಂಗಿಯ ಮಗುವಿನ ನಾಮಕರಣಕ್ಕೆ ಕೊಟ್ಟ ಉಡುಗೊರೆ, ಅವನದೇ ಗೆಳೆಯನ ಮದುವೆಗೆ ಹೋದ ಬಾಡಿಗೆ ಕಾರು, ಇವೆಲ್ಲ ಆ ಹೆಣ್ಣುಮಗಳ ಕೈಯಿಂದ ಹೋಗಿರುತ್ತವೆ, ಅವಳ ದುಂದುವೆಚ್ಚವೆಂದು ಎಣಿಕೆಯಾಗುತ್ತವೆ. ಆತ ಅಲ್ಲಿ ಎಷ್ಟು ಗಳಿಸುತ್ತಾನೆ, ಎಷ್ಟು ಸಾಲ ಮಾಡಿದ್ದಾನೆಂದು ಕೇಳುವ ಧೈರ್ಯ ಅವಳಿಗಿಲ್ಲ. ಅಬೂ ಸುಫ್ಯಾನ್‌ರ ಪತ್ನಿ ಹಿಂದ್(ರ) ಬಂದು, ಪತಿ ಸಾಕಷ್ಟು ಕೊಡುವುದಿಲ್ಲವೆಂದು ದೂರಿದಾಗ, ತನಗೂ ಮಕ್ಕಳಿಗೂ ನ್ಯಾಯವಾಗಿ ಸಾಕಾಗುವಷ್ಟನ್ನು ಅವರ ಸಂಪತ್ತಿನಿಂದ ತೆಗೆದುಕೊಳ್ಳಲು ಪ್ರವಾದಿ(ಸ)ರವರು ಅನುಮತಿ ನೀಡಿದ್ದರು. ನ್ಯಾಯವಾಗಿ ಎಷ್ಟು ಸಾಕು ಎಂಬುದನ್ನು ಅಂದಾಜಿನ ಜಗಳ ತೀರ್ಮಾನಿಸುವುದಿಲ್ಲ. ಬರೆದ ಪುಸ್ತಕ ತೀರ್ಮಾನಿಸಬಲ್ಲದು, ಇಬ್ಬರೂ ಬರೆದಿದ್ದರೆ ಮಾತ್ರ. ಒಬ್ಬರೇ ಬರೆದು ಇನ್ನೊಬ್ಬರು ತಪಾಸಣೆ ಮಾಡುವ ಪುಸ್ತಕ ಲೆಕ್ಕವಲ್ಲ, ಪಹರೆ.

ತಿಂಗಳ ಲೆಕ್ಕ ಬರೆಯುವವರಿಗೆ ನಮ್ಮ ಸಮುದಾಯದಲ್ಲಿ ಒಂದು ವಿಶೇಷ ತೊಡಕಿದೆ. ಸಂಬಳ, ಶಾಲೆಯ ಶುಲ್ಕ, ವಿಮೆ ಇಂಗ್ಲಿಷ್ ತಿಂಗಳಿನಲ್ಲಿ ಬರುತ್ತವೆ. ರಮಝಾನ್, ಹಬ್ಬ, ಝಕಾತ್ ಚಂದ್ರನ ಲೆಕ್ಕದಲ್ಲಿ ಬರುತ್ತವೆ, ವರ್ಷಕ್ಕೆ ಸುಮಾರು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತಾ. 2025ರಲ್ಲಿ ಬಕ್ರೀದ್ ಜೂನ್ 7ರಂದು ಬಂತು. ಶಾಲೆಯ ಶುಲ್ಕ, ಸಮವಸ್ತ್ರ, ಪುಸ್ತಕ, ಕೊಡೆ, ಮೀನಿನ ನಿಷೇಧದ ದುಬಾರಿ, ಜೊತೆಗೆ ಖುರ್ಬಾನಿ ಮತ್ತು ಹೊಸ ಬಟ್ಟೆ ಎಲ್ಲವೂ ಒಂದೇ ಹದಿನೈದು ದಿನದೊಳಗೆ ಬಂದು ನಿಂತವು. ಎಷ್ಟೋ ಮನೆಗಳು ಆ ವಾರ ಕೈಸಾಲಕ್ಕೆ ಇಳಿದವು. ಕೆಲವರು ಬಡ್ಡಿಯ ಬಾಗಿಲಿಗೂ ಹೋದರು. ಸಾಮರ್ಥ್ಯವಿಲ್ಲದವರ ಮೇಲೆ ಖುರ್ಬಾನಿಯ ಹೊಣೆಯಿಲ್ಲ; ಸಾಲ ಮಾಡಿ, ಅದರಲ್ಲೂ ಬಡ್ಡಿಗೆ ತಂದು, ನೆರೆಯವರ ಕಣ್ಣಿಗಾಗಿ ಅದನ್ನು ಮಾಡುವುದನ್ನು ನಾವು ಒಪ್ಪಲಾರೆವು. ಸಾಮರ್ಥ್ಯವಿರುವವರಾದರೋ ವರ್ಷಕ್ಕೊಮ್ಮೆ ಬರುವ ಇಂಥ ಖರ್ಚುಗಳನ್ನು ಒಂದು ಪುಟದಲ್ಲಿ ಬರೆದು, ಹನ್ನೆರಡರಿಂದ ಭಾಗಿಸಿ, ಆ ಭಾಗವನ್ನು ಪ್ರತಿ ತಿಂಗಳ ಮೊದಲ ದಿನವೇ ಬೇರೆ ಡಬ್ಬಿಗೆ ಹಾಕಬೇಕು. ತಿಂಗಳ ಕೊನೆಗೆ ಉಳಿದದ್ದನ್ನು ಹಾಕುತ್ತೇವೆಂದರೆ ಉಳಿಯುವುದಿಲ್ಲ, ನಾವು ನೋಡಿದ್ದೇವೆ.

ರಮಝಾನಿನ ಪುಟವನ್ನು ತೆರೆದಾಗ ನಮಗೆ ನಿಜಕ್ಕೂ ನಾಚಿಕೆಯಾಯಿತು. ಹಗಲಿಡೀ ಹಸಿದಿರುವ ತಿಂಗಳಲ್ಲಿ ಅಡುಗೆಮನೆಯ ಖರ್ಚು ಉಳಿದ ತಿಂಗಳುಗಳಿಗಿಂತ ಸುಮಾರು ಅರ್ಧದಷ್ಟು ಹೆಚ್ಚು. ಎಣ್ಣೆ, ಮೈದಾ, ಶರಬತ್ತಿನ ಬಾಟಲಿ. ಅದೇ ಪುಟದಲ್ಲಿ ಸದಕಾ ಎಂದು ಬರೆದ ಸಾಲು ಎಷ್ಟೆಂದು ಇಲ್ಲಿ ಹೇಳುವುದಿಲ್ಲ.

ಝಕಾತಿನ ಕುರಿತು ಒಂದೇ ಮಾತು. ನಿಸಾಬ್ ತಲುಪಿದ ಸಂಪತ್ತಿನ ಮೇಲೆ ಚಾಂದ್ರ ವರ್ಷ ಪೂರ್ತಿಯಾದಾಗ ಶೇಕಡಾ ಎರಡೂವರೆ ಬಡವರ ಹಕ್ಕು. ಎಷ್ಟಿದೆಯೆಂದೇ ತಿಳಿಯದವರು ಶೇಕಡಾ ಎರಡೂವರೆಯನ್ನು ಯಾವುದರಿಂದ ತೆಗೆಯುವರು? ಇಪ್ಪತ್ತೇಳನೆಯ ರಾತ್ರಿ ಗೇಟಿನ ಬಳಿ ನಿಂತು ನೂರರ ನೋಟು ಹಂಚುವುದು ಒಳ್ಳೆಯ ಕೆಲಸವೇ. ಝಕಾತ್ ಅಷ್ಟರಿಂದ ತೀರಿತೆಂದು ಹೇಳುವಂತಿಲ್ಲ.

ಈಗ ಮಹಿಳೆಯರ ಹಣಕ್ಕೆ ಬರೋಣ. 2023ರ ಆಗಸ್ಟಿನಿಂದ ನಮ್ಮ ರಾಜ್ಯದಲ್ಲಿ ಗೃಹಲಕ್ಷ್ಮಿ ಯೋಜನೆಯ ತಿಂಗಳ 2,000 ರೂಪಾಯಿ ಮನೆಯೊಡತಿಯ ಹೆಸರಿಗೆ ಬರುತ್ತಿದೆ. ಬಂದ ದಿನವೇ ಅದು ಗಂಡನ ಬೈಕಿನ ಕಂತಿಗೆ ಹೋಗುವ ಮನೆಗಳನ್ನು ನಾವು ಬಲ್ಲೆವು. ಶರೀಅತ್ತಿನಲ್ಲಿ ಮನೆವಾರ್ತೆಯ ಖರ್ಚು ಪತಿಯ ಹೊಣೆ. ಪತ್ನಿಯ ಸಂಪತ್ತು ಪತ್ನಿಯದೇ, ಆಕೆ ಸ್ವಇಚ್ಛೆಯಿಂದ ಕೊಟ್ಟರೆ ಅದು ಆಕೆಯ ಔದಾರ್ಯ. ಆದ್ದರಿಂದ ಮನೆಯ ಪುಸ್ತಕದಲ್ಲಿ ಆಕೆಯ ಹಣಕ್ಕೆ ಪ್ರತ್ಯೇಕ ಪುಟವಿರಬೇಕು. ಅಲ್ಲಿಂದ ತೆಗೆದದ್ದು ಕೊಡುಗೆಯೋ ಸಾಲವೋ ಎಂದು ಆಕೆಯನ್ನೇ ಕೇಳಿ, ಆಕೆ ಹೇಳಿದಂತೆ ಬರೆಯಬೇಕು.

ಈ ಪುಟವನ್ನು ನಾವು ನಮ್ಮ ಪುಸ್ತಕದಲ್ಲಿ ತೆರೆದಾಗ ಹಳೆಯದೊಂದು ಬಾಕಿ ಎದ್ದುನಿಂತಿತು. 2014ರಲ್ಲಿ ತಂಗಿಯ ಮದುವೆಗೆ ಪತ್ನಿಯ ಎರಡು ಬಳೆಗಳನ್ನು ಮಾರಿದ್ದೆವು, ಮರಳಿಸುತ್ತೇವೆಂಬ ಮಾತಿನೊಡನೆ. ಬರೆದಿರಲಿಲ್ಲ, ಸಾಕ್ಷಿಗಳೂ ಇರಲಿಲ್ಲ. ಎರಡು ಪವನು ಎಂದು ನಾವು, ಮೂರು ಎಂದು ಅವರು. ನಾವು ಸುಳ್ಳು ಹೇಳಿರಲಿಲ್ಲ. ನಮ್ಮ ನೆನಪು ನಮಗೆ ಅನುಕೂಲವಾಗುವಂತೆ ಸವೆದಿತ್ತು, ಅಷ್ಟೆ. ಅವರು ಎದ್ದು ಹೋಗಿ ಪೆಟ್ಟಿಗೆಯ ತಳದಿಂದ ಅಂಗಡಿಯ ಹಳದಿ ಚೀಟಿಯನ್ನು ತಂದರು. 24 ಗ್ರಾಂ ಮತ್ತು 200 ಮಿಲಿಗ್ರಾಂ. ಹದಿನಾರು ವರ್ಷ ಆ ಮನೆಯಲ್ಲಿ ಲೆಕ್ಕವಿರಲಿಲ್ಲವೆಂದು ಮೇಲೆ ಬರೆದೆವಲ್ಲ, ಅದು ತಪ್ಪು. ಒಬ್ಬರ ಬಳಿ ಇತ್ತು.

ಬಂಗಾರವನ್ನು ಸಾಲವಾಗಿ ಪಡೆದವನು ಮರಳಿಸಬೇಕಾದದ್ದು ಅಷ್ಟೇ ತೂಕದ ಬಂಗಾರವನ್ನು, ಅಂದಿನ ಬೆಲೆಯನ್ನಲ್ಲ. ಅಂದು ಗ್ರಾಮಿಗೆ ಮೂರು ಸಾವಿರದೊಳಗಿತ್ತು. ಇಂದು ಹತ್ತು ಸಾವಿರ ದಾಟಿದೆ. ಪತ್ನಿ, ಅದನ್ನು ಬಿಟ್ಟುಬಿಡಿ ಎಂದರು. ಹಾಗೆ ಹೇಳುವ ಹಕ್ಕು ಅವರದು. ಅದನ್ನು ಕೇಳಿ ನೆಮ್ಮದಿಯಾಗಿ ಮಲಗುವ ಹಕ್ಕು ನಮಗಿದೆಯೆಂದು ಅನಿಸಲಿಲ್ಲ. ಅಸರ್ ಬಳಿಕದ ಚಹಾವನ್ನು ಮನೆಯಲ್ಲೇ ಕುಡಿಯುತ್ತೇವೆ. ನಾಲ್ಕು ತಿಂಗಳಿಗೊಮ್ಮೆ ಒಂದು ಗ್ರಾಮಿನ ನಾಣ್ಯ ಕೊಳ್ಳುವಷ್ಟು ಆಗುತ್ತದೆ. ಪುಸ್ತಕದ ಕೊನೆಯ ಪುಟದಲ್ಲಿ, ಅವರದೇ ಅಕ್ಷರದಲ್ಲಿ, ಈಗ ಎರಡು ಸಾಲುಗಳಿವೆ. ಬಾಕಿ: 22 ಗ್ರಾಂ 200 ಮಿಲಿಗ್ರಾಂ. ಈ ಗತಿಯಲ್ಲಿ ಇನ್ನೂ ಏಳೆಂಟು ವರ್ಷ ಬೇಕು. ಅಷ್ಟರೊಳಗೆ ನಮ್ಮ ಜನಾಝಾ ಬಂದರೆ ಸಾಲುಗಳ ಮುಂದೆ ನಿಂತು ಏನು ಹೇಳಬೇಕು, ಯಾವ ಪುಟವನ್ನು ನೋಡಬೇಕು ಎಂದು ಹಿರಿಯ ಮಗನಿಗೆ ತೋರಿಸಿಟ್ಟಿದ್ದೇವೆ.